ಇಂಗ್ಲಿಷಿನ ಜೋಡಿಕ್ರಿಯೆಯೂ ಸರ್ವನಾಮದ ಜಾಗವೂ

ಇಂಗ್ಲಿಷ್ ಭಾಷೆಯಲ್ಲಿ ಉದ್ದುದ್ದನೆಯ ಶಬ್ದಗಳೇ ಕಠಿಣವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. ವಾಸ್ತವವಾಗಿ ಹಾಗಿಲ್ಲ. ಉದ್ದನೆಯ ಶಬ್ದವನ್ನು ಒಮ್ಮೆ ಬಾಯಿಪಾಠ ಮಾಡಿದರೆ ಅದು ನಮ್ಮದಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥವಿರುತ್ತದೆ. ತೊಂದರೆ ಕೊಡುವವು ಅಪ್, ಡೌನ್, ಆನ್, ಆಫ್, ಇನ್, ಔಟ್, ಓವರ್ ಎಂಬ ಚಿಕ್ಕ ಚಿಕ್ಕ ಶಬ್ದಗಳು. 'ಗಿವ್' ಎಂದರೆ ಕೊಡು ಎಂಬುದು ಆರನೆಯ ತರಗತಿಯ ಹುಡುಗನಿಗೂ ಗೊತ್ತು. ಅದರ ಮುಂದೆ 'ಅಪ್' ಸೇರಿ 'ಗಿವ್ ಅಪ್' ಆದೊಡನೆ ಕೊಡುವುದು ಹೋಗಿ ಬಿಟ್ಟುಬಿಡುವುದು ಬಂತು. 'ಪುಟ್' ಎಂದರೆ ಇಡು. 'ಪುಟ್ ಆಫ್' ಎಂದರೆ ಮುಂದಕ್ಕೆ ಹಾಕು. ಹೀಗೆ ಒಂದು ಕ್ರಿಯಾಪದವೂ ಒಂದು ಚಿಕ್ಕ ಅವ್ಯಯವೂ ಕೂಡಿ ಹೊಸ ಅರ್ಥ ಕೊಡುವ ಜೋಡಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಜೋಡಿಕ್ರಿಯೆ ಎಂದು ಕರೆಯೋಣ.

ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. 1755ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್ಸನ್ ಅದರ ಮುನ್ನುಡಿಯಲ್ಲಿಯೇ, ಕ್ರಿಯಾಪದದ ಮುಂದೆ ಅವ್ಯಯ ಸೇರಿಸುವ ಈ ಪದ್ಧತಿ ಪರದೇಶದವರಿಗೆ ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಕೊಡುತ್ತದೆ ಎಂದು ಒಪ್ಪಿಕೊಂಡಿದ್ದಾನೆ. ಪದ್ಧತಿ ಹಳೆಯದಾದರೂ ಹೆಸರು ಮಾತ್ರ ಈಚಿನದು. ಫ್ರೇಸಲ್ ವರ್ಬ್ ಎಂಬ ಹೆಸರು ಲೋಗನ್ ಪಿಯರ್ಸಲ್ ಸ್ಮಿತ್ ಎಂಬವರ 1925ರ ಪುಸ್ತಕದಿಂದ ಬಳಕೆಗೆ ಬಂತು. ಆ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಅವರೇ ಹೇಳಿದ್ದಾರೆ.

ಜೋಡಿಕ್ರಿಯೆಗಳ ಅರ್ಥವನ್ನು ಎಲ್ಲ ಗೈಡುಗಳೂ ಕೊಡುತ್ತವೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ, ನಡುವೆ ಒಂದು ಗೆರೆ. ಈ ಪಟ್ಟಿಯನ್ನು ಓದಿ ಓದಿ ಬಾಯಿಗೆ ಬಂದ ಮೇಲೂ ನಮ್ಮ ಮಕ್ಕಳು ವಾಕ್ಯ ಬರೆಯುವಾಗ ಒಂದು ಕಡೆ ಎಡವುತ್ತಾರೆ. ಅದು ಅರ್ಥದ ತಪ್ಪಲ್ಲ, ಜಾಗದ ತಪ್ಪು. ನೆಲದ ಮೇಲೆ ಲಾಳಿ ಬಿದ್ದಿದೆ; ಅದನ್ನು ಎತ್ತು ಎಂದು ಹೇಳಬೇಕಾಗಿದೆ. ಇಂಗ್ಲಿಷಿನಲ್ಲಿ 'ಪಿಕ್ ಅಪ್ ದಿ ಶಟಲ್' ಎನ್ನಬಹುದು. 'ಪಿಕ್ ದಿ ಶಟಲ್ ಅಪ್' ಎಂದರೂ ಸರಿ. ಆದರೆ 'ಶಟಲ್' ಎಂಬ ನಾಮಪದವನ್ನು ತೆಗೆದು 'ಇಟ್' ಎಂಬ ಸರ್ವನಾಮವನ್ನು ಇಟ್ಟ ಕೂಡಲೇ ಎರಡು ದಾರಿಗಳಲ್ಲಿ ಒಂದು ಮುಚ್ಚಿಹೋಗುತ್ತದೆ. 'ಪಿಕ್ ಇಟ್ ಅಪ್' ಎಂಬುದೊಂದೇ ಸರಿ. 'ಪಿಕ್ ಅಪ್ ಇಟ್' ಎಂದು ಇಂಗ್ಲಿಷ್ ಮನೆಮಾತಿನ ಮಗುವೂ ಹೇಳುವುದಿಲ್ಲ. ನಮ್ಮ ಮಕ್ಕಳೋ ನೂರಕ್ಕೆ ತೊಂಬತ್ತು ಸಲ ಅದನ್ನೇ ಹೇಳುತ್ತಾರೆ. ಅರ್ಜಿಯ ಫಾರ್ಮ್ ಕೈಯಲ್ಲಿ ಹಿಡಿದು 'ಫಿಲ್ ಅಪ್ ಇಟ್' ಎನ್ನುತ್ತಾರೆ. ಆಗಬೇಕಾದುದು 'ಫಿಲ್ ಇಟ್ ಅಪ್'.

ಇದನ್ನು ಕೇಳಿ ನಗುವವರಿದ್ದಾರೆ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಬಾರದು ಎಂದು ತೀರ್ಪು ಕೊಡುವವರೂ ಇದ್ದಾರೆ. ಇದರ ಪರಿಣಾಮ ಚಿಕ್ಕದಲ್ಲ. ಎರಡು ಸಲ ನಗೆಗೀಡಾದ ಹುಡುಗಿ ಮೂರನೆಯ ಸಲ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಹತ್ತನೆಯದನ್ನು ಮುಗಿಸಿ ಗದ್ವಾಲಕ್ಕೆ ಹೋಗಲಿ, ರಾಯಚೂರಿಗೆ ಹೋಗಲಿ, ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷಿನಲ್ಲಿ ಬಾಯಿ ತೆರೆಯದೆ ನಡೆಯುವುದಿಲ್ಲ. ಆದುದರಿಂದ ಈ ತಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ತಂದೆತಾಯಿಗಳೂ ತಿಳಿಯುವುದು ಒಳ್ಳೆಯದು. ಅದು ದಡ್ಡತನದಿಂದ ಬರುವುದಿಲ್ಲ. ನಮ್ಮ ಸ್ವಂತ ಭಾಷೆಯ ಒಂದು ಗಟ್ಟಿಯಾದ ನಿಯಮವನ್ನು ಇಂಗ್ಲಿಷಿಗೂ ಹಚ್ಚುವುದರಿಂದ ಬರುತ್ತದೆ.

ಹೇಗೆಂದು ನೋಡಿರಿ. ಕನ್ನಡದಲ್ಲಿಯೂ ಜೋಡಿಕ್ರಿಯೆಗಳಿವೆ, ಮತ್ತು ಇಂಗ್ಲಿಷಿಗಿಂತ ಕಡಿಮೆಯೇನೂ ಇಲ್ಲ. ಎತ್ತು, ಎತ್ತಿಕೊ. ಬಿಡು, ಬಿಟ್ಟುಬಿಡು. ಓಡು, ಓಡಿಹೋಗು. ಹೇಳು ಎಂದರೆ ಬಾಯಿಂದ ಆಡುವುದು. ಹೇಳಿಕೊಡು ಎಂದರೆ ಕಲಿಸುವುದು. ನೋಡು ಎಂಬುದು ಕಣ್ಣಿನ ಕೆಲಸ. ನೋಡಿಕೊ ಎಂದರೆ ಜೋಪಾನ ಮಾಡು. ಇಂಗ್ಲಿಷಿನವನೂ 'ಲುಕ್' ಎಂಬುದಕ್ಕೆ 'ಆಫ್ಟರ್' ಸೇರಿಸಿಯೇ ಜೋಪಾನ ಮಾಡುವ ಅರ್ಥವನ್ನು ತರುತ್ತಾನೆ. ಸಾವಿರಾರು ಮೈಲು ದೂರದ ಎರಡು ಭಾಷೆಗಳು ಒಂದೇ ಉಪಾಯ ಹೂಡಿರುವುದು ಆಶ್ಚರ್ಯವೇ ಸರಿ. ಆದರೆ ನಮ್ಮ ಜೋಡಿಯ ನಡುವೆ ಕರ್ಮಪದ ಬರುವ ಹಾಗಿಲ್ಲ. 'ಅದನ್ನು ಎತ್ತಿಕೊ' ಎನ್ನುತ್ತೇವೆ. 'ಎತ್ತಿ ಅದನ್ನು ಕೊ' ಎಂದರೆ ಮನೆಯಲ್ಲಿ ಅಜ್ಜಿ ಕೂಡ ನಕ್ಕಾಳು.

ರಾಜೋಳಿಯಂಥ ಊರಿನಲ್ಲಿ ಈ ನಿಯಮ ಇನ್ನೂ ಗಟ್ಟಿಯಾಗುತ್ತದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆಗ ಮೆಹಬೂಬ್‌ನಗರ ಜಿಲ್ಲೆಗೆ ಸೇರಿದವು. 2016ರಿಂದ ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಾಗಿದೆ. ಗಡಿಗೆರೆ ಎಲ್ಲೆಲ್ಲಿ ಸರಿದರೂ ಇಲ್ಲಿನ ಬಾಯಿಗಳು ಮೂರು ಭಾಷೆಗಳನ್ನು ಬಿಡಲಿಲ್ಲ. ಮನೆಯಲ್ಲಿ ಕನ್ನಡ ಆಡುವ ಮಗು ಬೀದಿಯಲ್ಲಿ ತೆಲುಗು ಆಡುತ್ತದೆ, ಸಂತೆಯಲ್ಲಿ ಉರ್ದುವನ್ನೂ ಅರಿಯುತ್ತದೆ. ನಮ್ಮ 'ನೋಡಿಕೊ' ತೆಲುಗಿನಲ್ಲಿ 'ಚೂಸುಕೋ'. ನಮ್ಮ 'ಎತ್ತಿಕೊ' ಉರ್ದುವಿನಲ್ಲಿ 'ಉಠಾ ಲೋ'. ಮೂರರಲ್ಲಿಯೂ ವಸ್ತುವಿನ ಹೆಸರು ಮೊದಲು ಬರುತ್ತದೆ, ಜೋಡಿ ಕೊನೆಗೆ ಬರುತ್ತದೆ, ಜೋಡಿಯ ನಡುವೆ ವಸ್ತುವಿಗೆ ಜಾಗವಿಲ್ಲ. ಮೂರು ಭಾಷೆಗಳು ಒಂದೇ ಮಾತು ಹೇಳಿದ ಮೇಲೆ ನಾಲ್ಕನೆಯದೂ ಹಾಗೆಯೇ ಇರಬೇಕೆಂದು ಮಗು ಊಹಿಸಿದರೆ ಅದರಲ್ಲಿ ತರ್ಕದ ದೋಷವೇನೂ ಇಲ್ಲ. 'ಪಿಕ್ ಅಪ್' ಎಂಬುದನ್ನು 'ಎತ್ತಿಕೊ' ಎಂಬಂತೆ ಒಂದೇ ಶಬ್ದವೆಂದು ಹಿಡಿದು, ಅದರ ಮುಂದೆ 'ಇಟ್' ಹಚ್ಚುತ್ತದೆ.

ಹಾಗಿದ್ದರೂ ನಮ್ಮ ಕನ್ನಡದ ಜೋಡಿಯೊಳಗೆ ಏನೂ ನುಸುಳುವುದೇ ಇಲ್ಲವೆ? ನುಸುಳುತ್ತದೆ. 'ಹೋಗಿಬಿಟ್ಟ' ಎಂಬುದನ್ನು ಒತ್ತಿ ಹೇಳುವಾಗ 'ಹೋಗಿಯೇ ಬಿಟ್ಟ' ಎನ್ನುತ್ತೇವೆ. 'ತಿಂದೇ ಬಿಟ್ಟ', 'ಕೊಟ್ಟೂ ಬಿಟ್ಟ' ಎನ್ನುತ್ತೇವೆ. ಇಲ್ಲಿ ನಡುವೆ ಸೇರಿದುದು ಬಲು ಹಗುರವಾದ ಒಂದು ಅಕ್ಷರ. ದೊಡ್ಡ ಶಬ್ದವನ್ನು ನಾವು ಅಲ್ಲಿ ಸೇರಿಸಲಾರೆವು. ಇಂಗ್ಲಿಷಿನ 'ಇಟ್', 'ಹಿಮ್', 'ದೆಮ್' ಎಂಬವೂ ಇಂಥ ಹಗುರ ಶಬ್ದಗಳೇ. ಈ ಹಗುರತನದಲ್ಲಿಯೇ ನಿಯಮದ ಗುಟ್ಟು ಇದೆ.

ಇಂಗ್ಲಿಷ್ ವಾಕ್ಯದಲ್ಲಿ ದನಿ ಏರುವುದು ಸಾಮಾನ್ಯವಾಗಿ ಕೊನೆಯ ಭಾಗದಲ್ಲಿ. ಹೊಸ ಸಂಗತಿ, ಕೇಳುವವನಿಗೆ ಇನ್ನೂ ತಿಳಿಯದ ಸಂಗತಿ ಅಲ್ಲಿ ಬಂದು ಕುಳಿತುಕೊಳ್ಳುತ್ತದೆ. ಸರ್ವನಾಮವೆಂದರೆ ಹಳೆಯ ಸಂಗತಿ. 'ಇಟ್' ಎಂದೆವೆಂದರೆ ಯಾವುದೆಂಬುದು ಇಬ್ಬರಿಗೂ ಆಗಲೇ ಗೊತ್ತಿದೆ ಎಂದರ್ಥ. ಗೊತ್ತಿರುವ ಹಗುರ ಶಬ್ದವನ್ನು ದನಿ ಏರುವ ಜಾಗದಲ್ಲಿ ಕೂಡಿಸಿದರೆ ವಾಕ್ಯ ಕುಂಟುತ್ತದೆ. ಆದ್ದರಿಂದ ಅದು ಒಳಗೆ ಸರಿದು ಆ ಜಾಗವನ್ನು 'ಅಪ್'ಗೆ ಬಿಟ್ಟುಕೊಡುತ್ತದೆ. ಬಾಯಿಬಿಟ್ಟು ಹೇಳಿ ನೋಡಿರಿ: 'ಪಿಕ್ ಇಟ್ ಅಪ್'. ಒತ್ತು 'ಅಪ್' ಮೇಲೆ ಬೀಳುತ್ತದೆ. 'ಇಟ್' ಕೇಳಿಯೂ ಕೇಳದಂತೆ ಹಾದುಹೋಗುತ್ತದೆ, ಹಾಸಿನ ಎಳೆಗಳ ನಡುವೆ ಲಾಳಿ ಹಾಯ್ದಂತೆ.

ಈ ಕಾರಣವೇ ಸರಿಯಾದುದೆಂಬುದಕ್ಕೆ ಸಾಕ್ಷಿ ಉಂಟು. ಸರ್ವನಾಮದ ಭಾರ ಹೆಚ್ಚಾದರೆ ಅದು ಹೊರಗೆ ಬರಬಲ್ಲದು. 'ಅವನನ್ನೂ ಅವನ ತಂದೆಯನ್ನೂ ಕರೆಸಿರಿ' ಎನ್ನುವಾಗ 'ಕಾಲ್ ಇನ್ ಹಿಮ್ ಅಂಡ್ ಹಿಸ್ ಫಾದರ್' ಎನ್ನಲು ಅಡ್ಡಿಯಿಲ್ಲ. ಬೆರಳು ತೋರಿಸಿ 'ಪಿಕ್ ಅಪ್ ದಟ್ ಒನ್' ಎನ್ನಬಹುದು. ಇದಕ್ಕೆ ತಿರುಗಾಮುರುಗಾಗಿ, ನಾಮಪದವೇ ಆದರೂ ಬಹಳ ಉದ್ದವಾದರೆ ನಡುವೆ ಹಿಡಿಸುವುದಿಲ್ಲ. 'ಹೋದ ವಾರ ನಿನ್ನ ತಾಯಿ ನೇಯ್ದ ಸೀರೆಗಳನ್ನು ಒಳಗೆ ತಾ' ಎಂಬುದಕ್ಕೆ 'ಬ್ರಿಂಗ್ ಇನ್ ದಿ ಸ್ಯಾರೀಸ್ ಯುವರ್ ಮದರ್ ವೋವ್ ಲಾಸ್ಟ್ ವೀಕ್' ಎಂಬುದೇ ಚೆಂದ. 'ಬ್ರಿಂಗ್' ಎಂದು ತೊಡಗಿ ಇಷ್ಟು ಉದ್ದದ ಕರ್ಮಪದವನ್ನು ಹೇಳಿ ಮುಗಿಸಿ ಕೊನೆಗೆ 'ಇನ್' ಎಂದರೆ, ಕೇಳುವವನು ಆ 'ಇನ್' ಯಾರದೆಂದು ಹುಡುಕಬೇಕಾದೀತು.

ಇಷ್ಟನ್ನು ತಿಳಿದ ಜಾಣ ವಿದ್ಯಾರ್ಥಿ ಕೂಡಲೇ ಎಲ್ಲ ಕಡೆಯೂ ಸರ್ವನಾಮವನ್ನು ನಡುವೆ ತೂರಿಸಲು ಹೊರಡುತ್ತಾನೆ. ಅದೂ ಅಪಾಯವೇ. 'ಲುಕ್ ಆಫ್ಟರ್' ಎಂಬುದನ್ನೇ ನೋಡಿರಿ. 'ಲುಕ್ ಆಫ್ಟರ್ ಹರ್' ಎನ್ನಬೇಕೇ ಹೊರತು 'ಲುಕ್ ಹರ್ ಆಫ್ಟರ್' ಎನ್ನಬಾರದು. 'ವೇಟ್ ಫಾರ್ ಇಟ್', 'ಲುಕ್ ಅಟ್ ಇಟ್', 'ಲುಕ್ ಇಂಟು ಇಟ್' ಇವೆಲ್ಲವೂ ಹೀಗೆಯೇ. ಏಕೆಂದರೆ ಇಲ್ಲಿನ ಆಫ್ಟರ್, ಫಾರ್, ಅಟ್, ಇಂಟು ಎಂಬವು ಕ್ರಿಯಾವಿಶೇಷಣಗಳಲ್ಲ, ಪ್ರಿಪೊಸಿಷನ್‌ಗಳು. ಪ್ರಿಪೊಸಿಷನ್ ಎಂಬುದು ನಮ್ಮ ವಿಭಕ್ತಿ ಪ್ರತ್ಯಯ ಇದ್ದ ಹಾಗೆ. ನಾವು 'ಅದ' ಎಂಬುದರ ಹಿಂದೆ 'ಕ್ಕೆ' ಅಂಟಿಸಿ 'ಅದಕ್ಕೆ' ಎಂದರೆ, ಅವರು 'ಇಟ್' ಎಂಬುದರ ಮುಂದೆ 'ಫಾರ್' ಅಂಟಿಸುತ್ತಾರೆ. ಪ್ರತ್ಯಯವನ್ನು ಪದದಿಂದ ಕಿತ್ತು ಬೇರೆ ಕಡೆ ಇಡಲಾಗದು. 'ಪಿಕ್ ಅಪ್'ನಲ್ಲಿ 'ಅಪ್' ಕ್ರಿಯಾಪದದ ಸಂಗಾತಿ. 'ವೇಟ್ ಫಾರ್'ನಲ್ಲಿ 'ಫಾರ್' ಮುಂದಿನ ನಾಮಪದದ ಸಂಗಾತಿ.

ಸಂಕಟವೇನೆಂದರೆ ಆನ್, ಇನ್, ಓವರ್, ಅಪ್, ಡೌನ್ ಮುಂತಾದ ಕೆಲವು ಎರಡೂ ವೇಷ ಹಾಕುತ್ತವೆ. ನಾಮಪದ ಇರುವವರೆಗೂ ವೇಷ ಗೊತ್ತಾಗುವುದಿಲ್ಲ. ಸರ್ವನಾಮ ಇಟ್ಟರೆ ಗೊತ್ತಾಗುತ್ತದೆ. ಅಕ್ಕಸಾಲಿಗನ ಒರೆಗಲ್ಲಿನಂತೆ ಅದು ಕೆಲಸ ಮಾಡುತ್ತದೆ. ರಾಜೋಳಿಯ ಕೋಟೆಗೋಡೆಯ ಮೇಲಿನಿಂದ ಆಚೆ ನೋಡಿದೆವು ಎಂಬುದಕ್ಕೆ 'ವಿ ಲುಕ್ಡ್ ಓವರ್ ದಿ ವಾಲ್' ಎನ್ನುತ್ತೇವೆ. ಉತ್ತರಪತ್ರಿಕೆಯನ್ನು ಒಮ್ಮೆ ಪರಿಶೀಲಿಸಿದೆವು ಎಂಬುದಕ್ಕೂ 'ವಿ ಲುಕ್ಡ್ ಓವರ್ ದಿ ಪೇಪರ್' ಎನ್ನುತ್ತೇವೆ. ಎರಡೂ ಒಂದೇ ಎರಕದಲ್ಲಿ ಹೊಯ್ದ ಹಾಗೆ ಕಾಣುತ್ತವೆ. ಈಗ ಸರ್ವನಾಮ ಇಟ್ಟು ನೋಡಿರಿ. ಗೋಡೆಯಾದರೆ 'ವಿ ಲುಕ್ಡ್ ಓವರ್ ಇಟ್'. ಪತ್ರಿಕೆಯಾದರೆ 'ವಿ ಲುಕ್ಡ್ ಇಟ್ ಓವರ್'. ಸರ್ವನಾಮ ತಪ್ಪು ಜಾಗಕ್ಕೆ ಹೋದರೆ ಪರೀಕ್ಷೆಯ ಪತ್ರಿಕೆಯನ್ನು ನಾವು ಗೋಡೆಯಂತೆ ಇಣುಕಿ ನೋಡಿದಂತಾಗುತ್ತದೆ!

ಇದೇ ಎರಡು ಶಬ್ದಗಳಿಗೆ ಮೂರನೆಯ ರೂಪವೂ ಒಂದಿದೆ: 'ಓವರ್‌ಲುಕ್'. ಅವ್ಯಯ ಕ್ರಿಯಾಪದದ ಮುಂದೆ ಬಂದು ಅದಕ್ಕೆ ಅಂಟಿಕೊಂಡಿದೆ. ಈಗ ಅರ್ಥ ಗಮನಿಸದೆ ಬಿಟ್ಟೆ ಎಂದಾಗುತ್ತದೆ. 'ಐ ಲುಕ್ಡ್ ಇಟ್ ಓವರ್' ಎಂದರೆ ಪರಿಶೀಲಿಸಿದೆ. 'ಐ ಓವರ್‌ಲುಕ್ಡ್ ಇಟ್' ಎಂದರೆ ನೋಡದೇ ಹೋದೆ. ಹತ್ತಿರಹತ್ತಿರ ವಿರುದ್ಧ ಅರ್ಥ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇಂಥ ಅವ್ಯಯಗಳು ಬಹಳವಾಗಿ ಕ್ರಿಯಾಪದದ ಮುಂದೆಯೇ ಅಂಟಿಕೊಂಡು ಬರುತ್ತಿದ್ದವು. ಮುಂದಿನ ಶತಮಾನಗಳಲ್ಲಿ ಕಳಚಿಕೊಂಡು ಹಿಂದಕ್ಕೆ ಸರಿದವು. 'ಓವರ್‌ಲುಕ್', 'ಅಪ್‌ಹೋಲ್ಡ್' ಮುಂತಾದವು ಹಳೆಯ ಮಾದರಿಯಲ್ಲಿಯೇ ನಿಂತಿರುವ ಶಬ್ದಗಳು. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಇಂದಿಗೂ ಒಂದೇ ಕ್ರಿಯಾಪದ ಒಂದು ವಾಕ್ಯದಲ್ಲಿ ಅಂಟಿಕೊಂಡೂ ಇನ್ನೊಂದರಲ್ಲಿ ಬಿಡಿಯಾಗಿಯೂ ಬರುತ್ತದೆ. ಆ ಭಾಷೆ ಕಲಿಯುವವರ ಪಾಡು ಅವರಿಗೇ ಗೊತ್ತು.

ಜಾಗ ಬದಲಾದರೆ ಅರ್ಥ ಬದಲಾಗುವ ಇನ್ನೆರಡು ಜೋಡಿಗಳನ್ನು ಹೇಳುತ್ತೇವೆ. 'ಸೀ ಥ್ರೂ ಹಿಮ್' ಎಂದರೆ ಅವನ ಕಪಟವನ್ನು ಅರಿ ಎಂದು. 'ಸೀ ಹಿಮ್ ಥ್ರೂ' ಎಂದರೆ ಕಷ್ಟದಿಂದ ಪಾರಾಗುವವರೆಗೆ ಅವನ ಕೈಹಿಡಿ ಎಂದು. ಮೊದಲನೆಯದು ಬಯಲಿಗೆಳೆಯುವ ಮಾತು, ಎರಡನೆಯದು ಉಪಕಾರದ ಮಾತು. ಹಾಗೆಯೇ 'ಟರ್ನ್ ಇಟ್ ಆನ್' ಎಂದರೆ ದೀಪವನ್ನೋ ಫ್ಯಾನನ್ನೋ ಹಚ್ಚುವುದು. 'ದಿ ಡಾಗ್ ಟರ್ನ್ಡ್ ಆನ್ ಹಿಮ್' ಎಂದರೆ ನಾಯಿ ತಿರುಗಿ ಅವನ ಮೇಲೆ ಬಿತ್ತು. ಇವುಗಳಲ್ಲಿ ತಪ್ಪಿದರೆ ಮಾರ್ಕು ಹೋಗುವುದಷ್ಟೇ ಅಲ್ಲ, ಹೇಳಿದುದೇ ಬೇರೆಯಾಗುತ್ತದೆ.

'ರೈಟ್', 'ಸ್ಟ್ರೈಟ್' ಎಂಬ ಒತ್ತು ಕೊಡುವ ಶಬ್ದಗಳು ಸೇರಿದರೆ ಅವು ಅವ್ಯಯದ ಬೆನ್ನಿಗೇ ನಿಲ್ಲುತ್ತವೆ: 'ಪುಟ್ ಇಟ್ ರೈಟ್ ಬ್ಯಾಕ್'. 'ಕೇರ್‌ಫುಲಿ'ಯಂಥ ಕ್ರಿಯಾವಿಶೇಷಣವು ಪ್ರಿಪೊಸಿಷನ್ನಿನ ಮುಂದೆ ಬರಬಲ್ಲದು, 'ಲುಕ್ಡ್ ಕೇರ್‌ಫುಲಿ ಅಟ್ ಇಟ್' ಎಂಬಂತೆ; ಜೋಡಿಕ್ರಿಯೆಯನ್ನು ಮಾತ್ರ ಹಾಗೆ ಒಡೆಯಲಾರದು. ಶಬ್ದವನ್ನು ನಿಘಂಟಿನಲ್ಲಿ ಹುಡುಕಿದೆ ಎಂಬುದಕ್ಕೆ 'ಲುಕ್ಡ್ ಕೇರ್‌ಫುಲಿ ಅಪ್ ದಿ ವರ್ಡ್' ಎನ್ನುವುದಿಲ್ಲ. ಹಿಂದಕ್ಕೆ ಕೊಡುವ ಮಾತಿನಲ್ಲಿ ಎರಡು ಸರ್ವನಾಮಗಳು ಕೂಡಿ ಬಂದರೆ 'ಗಿವ್ ಇಟ್ ಬ್ಯಾಕ್ ಟು ಮಿ' ಎಂಬುದು ನಿಶ್ಚಿಂತೆಯ ದಾರಿ. ಮೂರು ಶಬ್ದಗಳ ಸರಪಳಿಯೂ ಉಂಟು: 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊ, 'ಲುಕ್ ಫಾರ್ವರ್ಡ್ ಟು' ಎಂದರೆ ಹಾದಿ ಕಾಯು. ಇವುಗಳ ಕೊನೆಯ ಕೊಂಡಿ ಪ್ರಿಪೊಸಿಷನ್ ಆದುದರಿಂದ ಸರ್ವನಾಮ ಕೊನೆಗೇ ಬರುತ್ತದೆ: 'ಪುಟ್ ಅಪ್ ವಿತ್ ಇಟ್'.

ಪ್ರಬಂಧ ಬರೆಯುವವರಿಗಾಗಿ ಒಂದು ಉದಾಹರಣೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿಯೊಳಗೆ ನುಗ್ಗಿದುದನ್ನು ಹಿರಿಯರಿಂದ ನೀವೆಲ್ಲರೂ ಕೇಳಿದ್ದೀರಿ. ಆ ನೀರಿನಲ್ಲಿ ಮನೆಗಳು ಮುಳುಗಿದವು, ನೇಕಾರರ ಮಗ್ಗಗಳು ಹಾಳಾದವು, ಸಂಸಾರಗಳು ಎತ್ತರದ ಜಾಗ ಹುಡುಕಿಕೊಂಡು ಹೋದವು. ನಾವು ಅದಕ್ಕೆ 'ಕೊಚ್ಚಿಕೊಂಡು ಹೋಯಿತು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು 'ವಾಷ್ ಅವೇ'. ಮೊದಲ ಸಲ ಹೇಳುವಾಗ 'ದಿ ರಿವರ್ ವಾಷ್ಡ್ ಅವೇ ಅವರ್ ಲೂಮ್ಸ್' ಎಂದು ಬರೆಯಿರಿ. ಮಗ್ಗಗಳೆಂಬುದು ಹೊಸ ಸುದ್ದಿ, ಕೊನೆಯ ಜಾಗ ಅದಕ್ಕೆ ಸಲ್ಲಬೇಕು. ಮರುವಾಕ್ಯದಲ್ಲಿ 'ಇಟ್ ವಾಷ್ಡ್ ದೆಮ್ ಅವೇ ಇನ್ ಒನ್ ನೈಟ್' ಎಂದು ಬರೆಯಬಹುದು. ಈಗ ಮಗ್ಗ ಹಳೆಯ ಸುದ್ದಿ. 'ದೆಮ್' ಒಳಗೆ ಸರಿಯಿತು. ನೀರು ಇಳಿಯಿತು ಎಂಬುದಕ್ಕೆ 'ದಿ ವಾಟರ್ ವೆಂಟ್ ಡೌನ್'. ಅದಕ್ಕೆ ಕರ್ಮಪದವೇ ಇಲ್ಲವಾದ್ದರಿಂದ ಜಾಗದ ಚಿಂತೆಯಿಲ್ಲ. ಇಂಥದನ್ನು ಮನೆಯಲ್ಲಿ ಅನುಭವಿಸಿದವರ ಮಗು ಇಂಗ್ಲಿಷಿನಲ್ಲಿ ಬರೆಯುವಾಗ, ಒಂದು 'ದೆಮ್' ತಪ್ಪು ಜಾಗದಲ್ಲಿ ಕುಳಿತ ಮಾತ್ರಕ್ಕೆ ಓದುವವರು ಪ್ರವಾಹವನ್ನು ಬಿಟ್ಟು ತಪ್ಪನ್ನು ನೋಡುವಂತಾಗಬಾರದು.

ಅರ್ಥದ ಪಟ್ಟಿಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ನೋಟ್‌ಬುಕ್ಕಿನಲ್ಲಿ 'ಪುಟ್ ಆಫ್: ಮುಂದಕ್ಕೆ ಹಾಕು' ಎಂದು ಬರೆದುಕೊಳ್ಳುವುದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. 'ಪುಟ್ ಇಟ್ ಆಫ್: ಅದನ್ನು ಮುಂದಕ್ಕೆ ಹಾಕು' ಎಂದು ಸರ್ವನಾಮ ಸಹಿತವಾಗಿ ಬರೆದುಕೊಳ್ಳಿರಿ. 'ಲುಕ್ ಆಫ್ಟರ್ ಇಟ್: ಅದನ್ನು ನೋಡಿಕೊ' ಎಂದು ಬರೆಯಿರಿ. ಹೆಚ್ಚುವರಿ ಶ್ರಮ ಎರಡಕ್ಷರದ್ದು. ಜಾಗ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರು ಜೊತೆಗಾರರೊಂದಿಗೆ ಪರಭಾಷಿಕ ವಿದ್ಯಾರ್ಥಿಗಳಿಗಾಗಿಯೇ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ನಿಘಂಟು 1948ರಲ್ಲಿ ಆಕ್ಸ್‌ಫರ್ಡಿನಿಂದ ಮತ್ತೆ ಹೊರಬಂತು. ಶಬ್ದದ ಅರ್ಥದೊಡನೆ ವಾಕ್ಯದಲ್ಲಿ ಅದು ಬರುವ ಬಗೆಯನ್ನೂ ತೋರಿಸಬೇಕೆಂಬುದು ಅವರ ಪಟ್ಟು. ಅದರ ವಂಶದ ನಿಘಂಟುಗಳು ಈಗ ಜೋಡಿಕ್ರಿಯೆಯ ಕರ್ಮಪದ ಎಲ್ಲಿ ಬರುತ್ತದೆಂಬುದನ್ನು ಗುರುತು ಹಾಕಿ ತೋರಿಸುತ್ತವೆ. ಗ್ರಂಥಾಲಯದಲ್ಲಿ ಅಂಥದೊಂದು ಸಿಕ್ಕರೆ 'ಪುಟ್' ಎಂಬ ಪುಟವನ್ನು ತೆರೆದು ನೋಡಿರಿ.

ಇನ್ನು ಮನೆಯಲ್ಲಿ ಮಾಡಲು ಐದು ವಾಕ್ಯಗಳು. ಕೊನೆಯ ನಾಮಪದಕ್ಕೆ ಸರ್ವನಾಮ ಇಟ್ಟು ಗಟ್ಟಿಯಾಗಿ ಓದಬೇಕು. 'ಮೈ ಮದರ್ ಪುಟ್ ಆನ್ ದಿ ನ್ಯೂ ಸ್ಯಾರಿ.' 'ಮೈ ಸಿಸ್ಟರ್ ವೇಟೆಡ್ ಫಾರ್ ದಿ ಬಸ್.' 'ದಿ ಗೋಟ್ ರ‍್ಯಾನ್ ಡೌನ್ ದಿ ಸ್ಟೆಪ್ಸ್.' 'ದಿ ಲಾರಿ ರ‍್ಯಾನ್ ಡೌನ್ ದಿ ಗೋಟ್.' 'ವಿ ಆರ್ ಲುಕಿಂಗ್ ಫಾರ್ವರ್ಡ್ ಟು ದಿ ಹಾಲಿಡೇಸ್.' ಮೊದಲನೆಯದರಲ್ಲಿ 'ಪುಟ್ ಇಟ್ ಆನ್' ಎಂದಾಗಬೇಕು, ಎರಡನೆಯದರಲ್ಲಿ 'ವೇಟೆಡ್ ಫಾರ್ ಇಟ್', ಐದನೆಯದರಲ್ಲಿ 'ಫಾರ್ವರ್ಡ್ ಟು ದೆಮ್'. ಮೂರು ಮತ್ತು ನಾಲ್ಕನೆಯವುಗಳ ಉತ್ತರವನ್ನು ನಾವು ಹೇಳುವುದಿಲ್ಲ. ಆಡು ಮೆಟ್ಟಿಲಿಳಿದು ಓಡಿದ್ದು ಯಾವುದರಲ್ಲಿ, ಲಾರಿಗೆ ಸಿಕ್ಕದ್ದು ಯಾವುದರಲ್ಲಿ ಎಂದು ಯೋಚಿಸಿದರೆ 'ದೆಮ್' ಎಲ್ಲಿ ಕೂಡುತ್ತದೆ, 'ಇಟ್' ಎಲ್ಲಿ ಕೂಡುತ್ತದೆ ಎಂಬುದು ಹೊಳೆಯುತ್ತದೆ.